ನಾಲ್ಕು ಕಡೆಯ ಊಟೆ



ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಾಗೇಪಲ್ಲಿ ದಾಟಿ ಸ್ವಲ್ಪ ದೂರ ಹೋದರೆ ಕೊಡಿಕೊಂಡ ಸಿಗುತ್ತದೆ. ಚೆಕ್‌ಪೋಸ್ಟ್‌ನಿಂದಾಗಿ ಲಾರಿ ಡ್ರೈವರುಗಳಿಗೆಲ್ಲ ಪರಿಚಯವಾದ ಊರು. ಅಲ್ಲಿಂದ ಎಡಕ್ಕೆ ತಿರುಗಿದರೆ ಲೇಪಾಕ್ಷಿ, ಮುಂದೆ ಹಿಂದೂಪುರ. ಮೊದಲು ಇದೆಲ್ಲ ಅನಂತಪುರ ಜಿಲ್ಲೆಯಾಗಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾದರೂ ಜನರ ನಾಲಿಗೆ ಬದಲಾಗಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಬೈಯುವುದು ಒಂದರಲ್ಲಿ, ಲೆಕ್ಕ ಹಾಕುವುದು ಇನ್ನೊಂದರಲ್ಲಿ!

ಆ ಕಡೆ ನನಗೆ ಪರಿಚಯದ ಒಂದು ಕುಟುಂಬವಿದೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕಿ, ಗೂಡನ್ನು ಹಿಂದೂಪುರದ ಮಾರ್ಕೆಟ್ಟಿಗೆ ಹಾಕುವವರು. ಮನೆಯಲ್ಲಿ ಯಜಮಾನ, ಅವರ ಹೆಂಡತಿ, ಎಂಬತ್ತು ದಾಟಿದ ಅಜ್ಜಿ, ಇಂಟರ್‌ಮೀಡಿಯೆಟ್ ಮುಗಿಸಿದ ಮಗಳು. ಹೋದ ಬೇಸಿಗೆಯಲ್ಲಿ ಆ ದಾರಿಯಲ್ಲಿ ಹೋಗುವಾಗ ಅವರ ಮನೆಗೆ ಹೊಕ್ಕೆ. ಮಜ್ಜಿಗೆ ಬಂತು, ಕುಶಲ ಸಮಾಚಾರವಾಯಿತು. ಆಮೇಲೆ ಯಜಮಾನರು ನೇರವಾಗಿ ವಿಷಯಕ್ಕೆ ಬಂದರು.

"ಫಾದರ್, ನೀವಾದ್ರೂ ಇವಳಿಗೆ ಬುದ್ಧಿ ಹೇಳಿ. ಬೈ.ಪಿ.ಸಿ. ಓದಿದಾಳೆ. ನರ್ಸಿಂಗ್ ಸೇರು ಅಂದ್ರೆ ಬೇಡವಂತೆ. ಸಸ್ಯಶಾಸ್ತ್ರ ಓದ್ತಾಳಂತೆ. ಅದಾದ್ರೂ ಒಪ್ಪೋಣ. ಅದ್ರ ಜೊತೆಗೆ ಅಜ್ಜಿ ಹಾಡೋ ಹಾಡೆಲ್ಲ ಬರ್ಕೊಂಡು ಕೂತಿರ್ತಾಳೆ. ತೆಲುಗಲ್ಲಿ ಪದ್ಯ ಬರೀತಾಳೆ. ಇಂಥವಳು ಯಾವ ದಡ ಸೇರ್ತಾಳೆ ಹೇಳಿ!"

ಹುಡುಗಿ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ನನ್ನ ಕೈಗೆ ಕೊಟ್ಟಳು. ಇನ್ನೂರು ಪುಟದ ಉದ್ದನೆಯ ಪುಸ್ತಕ. ಪ್ರತಿ ಪುಟದಲ್ಲೂ ಒಂದೊಂದು ಗಿಡ. ಮೇಲೆ ಕನ್ನಡದ ಹೆಸರು, ಅದರ ಪಕ್ಕದಲ್ಲಿ ತೆಲುಗಿನ ಹೆಸರು: ತಂಗಡಿ, ತಂಗೇಡು. ಅಣ್ಣೆ ಸೊಪ್ಪು, ಗುನುಗು. ಗಣಿಕೆ, ಕಾಮಂಚಿ. ಲಕ್ಕಿ, ವಾವಿಲಿ. ಕೆಳಗೆ ಅಜ್ಜಿ ಅದನ್ನು ಯಾವುದಕ್ಕೆ ಬಳಸುತ್ತಿದ್ದರು, ಯಾವ ಕಾಯಿಲೆಗೆ, ಯಾವ ಹಬ್ಬಕ್ಕೆ, ಯಾವ ಹಾಡಿನಲ್ಲಿ ಅದರ ಹೆಸರು ಬರುತ್ತದೆ ಎಂಬ ವಿವರ. ಕೆಲವು ಪುಟಗಳಿಗೆ ಒಣಗಿದ ಎಲೆಯನ್ನೂ ಅಂಟಿಸಿದ್ದಳು.

"ಚೆನ್ನಾಗಿದೆ ಮಗೂ" ಎಂದೆ. ಅಷ್ಟಕ್ಕೆ ಯಜಮಾನರು ಸುಮ್ಮನಾಗಲಿಲ್ಲ.

"ಚೆನ್ನಾಗಿದೆ, ಸರಿ. ನನ್ನ ಹೊಲಕ್ಕೆ ಬನ್ನಿ, ತೋರಿಸ್ತೀನಿ. ನಾಲ್ಕು ಕಡೆ ಬೋರ್ ಹಾಕ್ಸಿದೀನಿ. ತೆಂಗಿನಕಾಯಿ ಹಿಡ್ಕೊಂಡು ನೀರು ನೋಡೋರು ತೋರಿಸಿದ ಕಡೆಯೆಲ್ಲ ಕೊರೆಸ್ದೆ. ಮೂರು ಕಡೆ ಬರೀ ಧೂಳು ಬಂತು. ನಾಲ್ಕನೇದೂ ಎರಡು ವರ್ಷಕ್ಕೆ ಬತ್ತಿ ಹೋಯ್ತು. ಸಾಲ ಮಾತ್ರ ಬತ್ತಿಲ್ಲ! ನಾಲ್ಕು ಕಡೆ ಕೊರೆದವನ ಗತಿ ನನಗೆ ಗೊತ್ತು ಫಾದರ್. ಇವಳಿಗೂ ಅದೇ ಆಗ್ಬಾರ್ದು."

ನನಗೆ ಉತ್ತರ ತೋಚಲಿಲ್ಲ. ಅನಂತಪುರದ ಸೀಮೆಯಲ್ಲಿ ಬೋರ್‌ವೆಲ್ ಎಂಬ ಮಾತಿನ ಹಿಂದೆ ಎಷ್ಟು ಕಣ್ಣೀರಿದೆ ಎಂಬುದು ಗೊತ್ತಿದ್ದವರು ಆ ಮಾತಿಗೆ ಎದುರಾಡಲಾರರು. "ನೋಡೋಣ, ಇನ್ನೊಮ್ಮೆ ಬರುತ್ತೇನೆ" ಎಂದು ಹೇಳಿ ಎದ್ದೆ.

ನಾನು ಸುಮ್ಮನಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನಾನು ಹೊಸದಾಗಿ ಗುರುವಾಗಿ ಸಹಾಯಕನಾಗಿದ್ದ ಕಾಲದಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಮುಂದು, ಗಾನವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ, ತಾನೇ ರಾಗ ಕಟ್ಟುತ್ತಿದ್ದ. ಅವನ ತಾಯಿ ಬಂದು ಕೇಳಿದಾಗ ನಾನು ದೊಡ್ಡ ವಿವೇಕಿಯಂತೆ, "ಎರಡು ದೋಣಿಯಲ್ಲಿ ಕಾಲಿಡಬೇಡ, ಒಂದನ್ನು ಹಿಡಿ" ಎಂದು ಅವನಿಗೆ ಉಪದೇಶ ಮಾಡಿದೆ. ಅವನು ನನ್ನ ಮಾತು ಕೇಳಿದ. ಕೀಬೋರ್ಡ್ ಮಾರಿದ. ಇಂದು ಒಳ್ಳೆಯ ಕೆಲಸದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಸಿಕ್ಕಿದಾಗ, "ಹಾಡು ಬಿಟ್ಟೇಬಿಟ್ಟೆಯಾ?" ಎಂದು ಕೇಳಿದೆ. "ನೀವೇ ಹೇಳಿದ್ರಲ್ಲ ಫಾದರ್" ಎಂದು ನಕ್ಕ. ಆ ನಗು ನನಗೆ ಇಂದಿಗೂ ಚುಚ್ಚುತ್ತದೆ.

ಕೊಡಿಕೊಂಡದಿಂದ ಮರಳಿ ಬರುವಾಗ ಕಾರಿನಲ್ಲಿ ಒಂದು ಹೆಸರು ನೆನಪಾಯಿತು: ರಾಳ್ಲಪಲ್ಲಿ ಅನಂತಕೃಷ್ಣ ಶರ್ಮ. ಸೆಮಿನರಿಯಲ್ಲಿ ಓದುತ್ತಿದ್ದಾಗ ಹಳೆಯ ಪುಸ್ತಕದಂಗಡಿಯೊಂದರಲ್ಲಿ 'ಗಾನಕಲೆ' ಎಂಬ ಕನ್ನಡ ಪುಸ್ತಕ ಕಣ್ಣಿಗೆ ಬಿದ್ದಿತ್ತು. ಬರೆದವರು ತೆಲುಗು ಪ್ರಾಧ್ಯಾಪಕರು ಎಂದು ಅಂಗಡಿಯವರು ಹೇಳಿದಾಗ ಆಶ್ಚರ್ಯವಾಗಿತ್ತು. ತೆಲುಗು ಕಲಿಸುವವರು ಸಂಗೀತದ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆಯುವುದೇ? ಆಗ ಅಷ್ಟಕ್ಕೇ ಬಿಟ್ಟಿದ್ದೆ. ಈ ಸಲ ಅವರ ಬಗ್ಗೆ ಹುಡುಕಿ ಓದಿದೆ.

ಇವರು ಆ ನೆಲದವರೇ ಎಂದು ತಿಳಿದಾಗ ನನಗಾದ ಸಂತೋಷ ಹೇಳತೀರದು. ಕಲ್ಯಾಣದುರ್ಗದ ಬಳಿಯ ಕಂಬದೂರು ಮಂಡಲದಲ್ಲಿ ರಾಳ್ಲಪಲ್ಲಿ ಎಂಬ ಸಣ್ಣ ಊರಿದೆ. ನಮ್ಮ ಪಾವಗಡದ ಗಡಿಗೆ ಹೆಚ್ಚು ದೂರವಿಲ್ಲ. 1893ರ ಜನವರಿ 23ರಂದು ಅನಂತಕೃಷ್ಣ ಶರ್ಮರು ಹುಟ್ಟಿದ್ದು ಅಲ್ಲಿ. ಮನೆಯಲ್ಲಿ ತಂದೆಯಿಂದಲೇ ತೆಲುಗು, ಸಂಸ್ಕೃತಗಳ ಮೊದಲ ಪಾಠವಾಯಿತು. ಆಮೇಲೆ ಮೈಸೂರಿಗೆ ಬಂದು ಪರಕಾಲ ಮಠದ ಆಶ್ರಯದಲ್ಲಿ ಸಂಸ್ಕೃತವನ್ನೂ ಪ್ರಾಕೃತವನ್ನೂ ಆಳವಾಗಿ ಓದಿದರು. ಜೊತೆಗೆ ಬಿಡಾರಂ ಕೃಷ್ಣಪ್ಪನವರ ಬಳಿ ಸಂಗೀತ ಕಲಿತರು. ಬಿಡಾರಂ ಕೃಷ್ಣಪ್ಪನವರೆಂದರೆ ಪಿಟೀಲು ಚೌಡಯ್ಯನವರ ಗುರುಗಳು. ಅಂಥವರ ಮುಂದೆ ಕುಳಿತು ಕಲಿತ ವಿದ್ಯೆ.

ಆ ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು, ಅಂದರೆ ಸಿ.ಆರ್. ರೆಡ್ಡಿಯವರು, ಪ್ರಾಧ್ಯಾಪಕರಾಗಿದ್ದರು. ಈ ತರುಣನ ಪಾಂಡಿತ್ಯ ಅವರ ಕಣ್ಣಿಗೆ ಬಿತ್ತು. 1912ರಲ್ಲಿ, ಇನ್ನೂ ಇಪ್ಪತ್ತು ತುಂಬದ ಶರ್ಮರು ಆ ಕಾಲೇಜಿನಲ್ಲಿ ತೆಲುಗು ಪಂಡಿತರಾದರು. 1949ರವರೆಗೆ ಅಲ್ಲೇ ಕಲಿಸಿದರು. ಕನ್ನಡದ ರಾಜಧಾನಿಯಲ್ಲಿ ಮೂರೂವರೆ ದಶಕಕ್ಕೂ ಮೀರಿ ತೆಲುಗು ಪಾಠ!

ಇನ್ನು ಅವರ ಬರವಣಿಗೆ ನೋಡಿ. ತೆಲುಗಿನಲ್ಲಿ ಕಾವ್ಯ ಬರೆದರು. ನಾಟಕದ ಬಗ್ಗೆ ಉಪನ್ಯಾಸ ಕೊಟ್ಟು ಪುಸ್ತಕ ಮಾಡಿದರು. ಕೃಷ್ಣದೇವರಾಯನ ಕಾಲದ ಜನ ಏನನ್ನು ಸವಿಯುತ್ತಿದ್ದರು, ಅವರ ರಸಿಕತೆ ಎಂಥದ್ದು ಎಂದು ಪ್ರಬಂಧ ಬರೆದರು. ಪ್ರಾಕೃತದ 'ಗಾಥಾ ಸಪ್ತಶತಿ'ಯಿಂದ ಪದ್ಯಗಳನ್ನು ಆರಿಸಿ ತೆಲುಗಿಗೆ ತಂದರು. ಕಾಕತೀಯ ಗಣಪತಿದೇವನ ಸೇನಾಪತಿಯಾಗಿದ್ದ ಜಾಯಪ 13ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ನೃತ್ತರತ್ನಾವಳಿ' ಎಂಬ ನೃತ್ಯಶಾಸ್ತ್ರ ಗ್ರಂಥವನ್ನು ತೆಲುಗು ಮಾಡಿದರು. ಕನ್ನಡದಲ್ಲಿ 'ಗಾನಕಲೆ', 'ಸಾಹಿತ್ಯ ಮತ್ತು ಜೀವನಕಲೆ' ಎಂಬ ಪುಸ್ತಕಗಳನ್ನು ಬರೆದರು. ಕಾವ್ಯ, ನಾಟಕ, ಚರಿತ್ರೆ, ಅನುವಾದ, ಸಂಗೀತ, ನೃತ್ಯ. ನಮ್ಮ ಕೊಡಿಕೊಂಡದ ಯಜಮಾನರು ಈ ಪಟ್ಟಿ ನೋಡಿದ್ದರೆ "ಎಷ್ಟು ಬೋರ್ ಹಾಕ್ಸಿದಾರೆ ಫಾದರ್!" ಎನ್ನುತ್ತಿದ್ದರೇನೋ.

ಇದರಲ್ಲಿ ಎರಡು ಕೆಲಸಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲನೆಯದು ವೇಮನ. ನಮ್ಮಲ್ಲಿ ಸರ್ವಜ್ಞನಂತೆ ತೆಲುಗಿನಲ್ಲಿ ವೇಮನ. ಅವನ ಸಮಾಧಿ ಇರುವುದು ಕದಿರಿಯ ಕಡೆಯ ಕಟಾರುಪಲ್ಲಿಯಲ್ಲಿ. ಹಳ್ಳಿಯ ಮುದುಕರಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಅವನ ಪದ್ಯ. ಆದರೆ ಪಂಡಿತರು ಬಹುಕಾಲ ಅವನನ್ನು ಕವಿಗಳ ಸಾಲಿನಲ್ಲಿ ಕೂರಿಸಲಿಲ್ಲ. ಆಡುಮಾತಿನಲ್ಲಿ ಬರೆದವನು, ಮಡಿ ಮೈಲಿಗೆ ಆಚಾರಗಳನ್ನೆಲ್ಲ ಹಂಗಿಸಿದವನು ಎಂದು ದೂರವಿಟ್ಟರು. 1928ರಲ್ಲಿ ಶರ್ಮರು ಅದೇ ವೇಮನನ ಬಗ್ಗೆ ಉಪನ್ಯಾಸಗಳನ್ನು ಕೊಟ್ಟರು. ಆ ಹೊತ್ತಿಗೆ ಸಿ.ಆರ್. ರೆಡ್ಡಿಯವರು ಆಂಧ್ರ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಸಂಪ್ರದಾಯಸ್ಥ ವೈಷ್ಣವ ಮನೆತನದಲ್ಲಿ ಹುಟ್ಟಿ, ಮಠದಲ್ಲಿ ಓದಿದ ಪಂಡಿತರು, ಆಚಾರವನ್ನು ಹಂಗಿಸಿದ ಕವಿಯನ್ನು ಸಭೆಯಲ್ಲಿ ಎತ್ತಿ ಹಿಡಿದರು. ಆ ಉಪನ್ಯಾಸಗಳು ಪುಸ್ತಕವಾಗಿ ಇಂದಿಗೂ ವೇಮನನನ್ನು ಓದುವವರಿಗೆ ದಾರಿ ತೋರಿಸುತ್ತಿವೆ. ಇದಕ್ಕೆ ಪಾಂಡಿತ್ಯ ಒಂದೇ ಸಾಲದು, ಮನಸ್ಸು ದೊಡ್ಡದಿರಬೇಕು.

ಎರಡನೆಯದು ಇನ್ನೂ ದೊಡ್ಡ ಕತೆ. ಹದಿನೈದನೇ ಶತಮಾನದಲ್ಲಿ ತಿರುಮಲೆಯಲ್ಲಿ ಅನ್ನಮಾಚಾರ್ಯರೆಂಬ ವಾಗ್ಗೇಯಕಾರರಿದ್ದರು. 1408ರಿಂದ 1503ರವರೆಗೆ ಬದುಕಿದ್ದರೆಂದು ಹೇಳುತ್ತಾರೆ. ಅವರು ರಚಿಸಿದ ಸಾವಿರಾರು ಕೀರ್ತನೆಗಳನ್ನು ತಾಮ್ರದ ತಗಡುಗಳ ಮೇಲೆ ಕೆತ್ತಿಸಿ ದೇವಸ್ಥಾನದ ಒಂದು ಕೋಣೆಯಲ್ಲಿ ಇಟ್ಟಿದ್ದರು. ಕಾಲ ಕಳೆದಂತೆ ಜನ ಅದನ್ನು ಮರೆತರು. ಕಳೆದ ಶತಮಾನದ ಮೊದಲ ಭಾಗದಲ್ಲಿ ಆ ತಗಡುಗಳು ವಿದ್ವಾಂಸರ ಕೈಗೆ ಬಂದವು. ಹನ್ನೆರಡು ಸಾವಿರಕ್ಕೂ ಹೆಚ್ಚು ಕೀರ್ತನೆಗಳು! ಅವುಗಳನ್ನು ಓದಿ, ಪ್ರತಿ ಮಾಡಿ, ಅಚ್ಚಿಗೆ ಸಿದ್ಧಗೊಳಿಸುವ ಕೆಲಸದಲ್ಲಿ ಬಹಳ ದುಡಿದವರು ವೇಟೂರಿ ಪ್ರಭಾಕರ ಶಾಸ್ತ್ರಿಗಳು. 1950ರಲ್ಲಿ ಅವರು ತೀರಿಕೊಂಡರು. ಕೆಲಸ ನಡುದಾರಿಯಲ್ಲಿ ನಿಂತಿತು.

ಈಗ ಆ ಕೆಲಸವನ್ನು ಯಾರು ಮುಂದುವರಿಸಬೇಕು? ಸ್ವಲ್ಪ ಯೋಚಿಸಿ. ತಗಡಿನ ಮೇಲೆ ಇರುವುದು ಐದು ನೂರು ವರ್ಷ ಹಳೆಯ ತೆಲುಗು. ಅದನ್ನು ಓದಲು ಹಳೆಯ ತೆಲುಗು ಬರಬೇಕು. ನಡುವೆ ಸಂಸ್ಕೃತದ ಕೀರ್ತನೆಗಳೂ ಇವೆ, ಸಂಸ್ಕೃತ ಬರಬೇಕು. ಎಲ್ಲಿ ಪದ ಒಡೆಯಬೇಕು, ಎಲ್ಲಿ ಅಕ್ಷರ ತಪ್ಪಾಗಿದೆ ಎಂದು ಹೇಳಲು ಛಂದಸ್ಸು ಗೊತ್ತಿರಬೇಕು. ಪ್ರತಿ ಕೀರ್ತನೆಗೂ ರಾಗದ ಹೆಸರನ್ನು ಕೆತ್ತಿದ್ದಾರೆ, ಆದರೆ ಸ್ವರ ಬರೆದಿಲ್ಲ. ಹೇಗೆ ಹಾಡುತ್ತಿದ್ದರೆಂದು ಹೇಳುವ ಶಿಷ್ಯಪರಂಪರೆಯೂ ಉಳಿದಿರಲಿಲ್ಲ. ಆ ರಾಗದಲ್ಲಿ ಆ ಮಾತು ಹೇಗೆ ಕೂರುತ್ತದೆ ಎಂದು ಕಂಡುಕೊಳ್ಳಲು ಸಂಗೀತ ಗೊತ್ತಿರಬೇಕು. ಬರೀ ತೆಲುಗು ಪಂಡಿತರಾದರೆ ಅಕ್ಷರ ಸಿಗುತ್ತದೆ, ಹಾಡು ಸಿಗುವುದಿಲ್ಲ. ಬರೀ ಸಂಗೀತಗಾರರಾದರೆ ರಾಗ ಸಿಗುತ್ತದೆ, ಮಾತಿನ ಅರ್ಥ ಕೆಡುತ್ತದೆ.

ಆ ಹೊತ್ತಿಗೆ ಶರ್ಮರು ಮೈಸೂರಿನ ಕೆಲಸದಿಂದ ನಿವೃತ್ತರಾಗಿದ್ದರು. ವಯಸ್ಸು ಐವತ್ತೇಳು. ಎಲ್ಲರೂ ವಿಶ್ರಾಂತಿ ಹುಡುಕುವ ವಯಸ್ಸಿನಲ್ಲಿ ಅವರು ತಿರುಪತಿಗೆ ಹೋಗಿ ತಾಮ್ರದ ತಗಡುಗಳ ಮುಂದೆ ಕುಳಿತರು. ಕೀರ್ತನೆಗಳ ಸಂಪುಟಗಳನ್ನು ಸಂಪಾದಿಸಿದರು. ಅನೇಕ ಕೀರ್ತನೆಗಳಿಗೆ ತಾವೇ ಸ್ವರ ಕೂಡಿಸಿ ಸ್ವರಲಿಪಿಯೊಡನೆ ಅಚ್ಚು ಮಾಡಿಸಿದರು. ಇಂದು ಅನ್ನಮಾಚಾರ್ಯರ ಕೀರ್ತನೆ ಕಚೇರಿಗಳಲ್ಲಿ, ರೇಡಿಯೋದಲ್ಲಿ, ಮನೆಮನೆಯಲ್ಲಿ ಕೇಳಿಬರುತ್ತಿದ್ದರೆ ಅದರ ಹಿಂದೆ ಶಾಸ್ತ್ರಿಗಳ ಮತ್ತು ಶರ್ಮರ ಈ ದುಡಿಮೆಯಿದೆ. ನಾಲ್ಕು ನೂರು ವರ್ಷ ಮೌನವಾಗಿದ್ದ ತಗಡು ಮತ್ತೆ ಹಾಡಿತು.

ಓದುಗರೇ, ಇಲ್ಲಿ ನನಗೊಂದು ವಿಷಯ ಹೊಳೆಯಿತು. ಬಾಲ್ಯದ ತೆಲುಗು, ಮಠದ ಸಂಸ್ಕೃತ, ಬಿಡಾರಂ ಕೃಷ್ಣಪ್ಪನವರ ಮನೆಯ ಸಂಗೀತ, ಕಾಲೇಜಿನ ಪಾಠ. ಇವನ್ನು ಕಲಿಯುವಾಗ ಯಾವುದಕ್ಕೆ ಬೇಕೆಂದು ಅವರಿಗೇ ಗೊತ್ತಿರಲಿಲ್ಲ. "ಇಷ್ಟೆಲ್ಲ ಯಾಕಪ್ಪಾ, ಒಂದನ್ನು ಹಿಡಿ" ಎಂದು ಯಾರಾದರೂ ಹೇಳಿದ್ದರೆ, ಅವರೂ ಆ ನಮ್ಮ ಹುಡುಗನಂತೆ ಮಾತು ಕೇಳಿದ್ದರೆ? 1950ರಲ್ಲಿ ಆ ಕೋಣೆಯ ಬಾಗಿಲು ತೆರೆದಿದ್ದರೂ ಒಳಗೆ ಹೋಗಲು ತಕ್ಕ ಮನುಷ್ಯ ಸಿಗುತ್ತಿರಲಿಲ್ಲ.

1974ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ 'ಸಂಗೀತ ಕಲಾನಿಧಿ' ಬಿರುದನ್ನು ಕೊಟ್ಟಿತು. ಜೀವನವಿಡೀ ಭಾಷೆ ಕಲಿಸಿದವರಿಗೆ ಸಂಗೀತಗಾರರ ಅತಿ ದೊಡ್ಡ ಗೌರವ! 1979ರ ಮಾರ್ಚ್ 11ರಂದು ತಿರುಮಲ ತಿರುಪತಿ ದೇವಸ್ಥಾನ ಅವರನ್ನು ಆಸ್ಥಾನ ವಿದ್ವಾಂಸರೆಂದು ಗೌರವಿಸಿತು. ಅದೇ ದಿನ ಅವರು ಕಣ್ಣು ಮುಚ್ಚಿದರು. ಎಂಬತ್ತಾರು ವರ್ಷದ ತುಂಬು ಬಾಳು.

ಇಂಥವರು ನಮ್ಮ ಗುರುಗಳ ಸಾಲಿನಲ್ಲಿಯೂ ಇದ್ದರು. ಹದಿನೆಂಟನೇ ಶತಮಾನದಲ್ಲಿ ತೆಲುಗು ನಾಡಿಗೆ ಬಂದ ಫ್ರೆಂಚ್ ಯೇಸುಸಭೆಯ ಗುರು ಗಾಸ್ತೋನ್ ಕೆರ್ದೂ ಅವರ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. 1732ರಲ್ಲಿ ಬಂದವರು 1779ರಲ್ಲಿ ಪಾಂಡಿಚೇರಿಯಲ್ಲೇ ತೀರಿಕೊಂಡರು, ಊರಿಗೆ ಹಿಂದಿರುಗಲಿಲ್ಲ. ಅವರು ತೆಲುಗು ಕಲಿತರು, ಸಂಸ್ಕೃತ ಕಲಿತರು. ಬಟ್ಟೆಗೆ ಬಣ್ಣ ಹಾಕುವ ಇಲ್ಲಿನ ಕುಶಲಕರ್ಮಿಗಳ ಬಳಿ ಕುಳಿತು, ಯಾವ ಬೇರು, ಯಾವ ಕಾಯಿ, ಎಷ್ಟು ಬಾರಿ ಒಗೆಯಬೇಕು, ಎಷ್ಟು ಹೊತ್ತು ಒಣಗಿಸಬೇಕು ಎಂದು ಒಂದೊಂದನ್ನೂ ಕೇಳಿ 1742ರಲ್ಲಿ ಯೂರೋಪಿಗೆ ಕಾಗದ ಬರೆದರು. ಬಟ್ಟೆಯ ಬಣ್ಣಕ್ಕೂ ಭಾಷಾಶಾಸ್ತ್ರಕ್ಕೂ ಏನು ಸಂಬಂಧ? ಎರಡಕ್ಕೂ ಬೇಕಾದುದು ಒಂದೇ ಗುಣ: ಕೂತು ಕೇಳುವುದು, ಕೇಳಿದ್ದನ್ನು ಸರಿಯಾಗಿ ಬರೆದುಕೊಳ್ಳುವುದು.

ಹಾಗೆ ಕೇಳಿದ ಕಿವಿಗೆ ಒಂದು ದೊಡ್ಡ ಸಂಗತಿ ಹೊಳೆಯಿತು. ಸಂಸ್ಕೃತದ 'ದಾನಂ', ಲತೀನಿನ 'ದೋನುಮ್'. ಸಂಸ್ಕೃತದ 'ವಿಧವಾ', ಲತೀನಿನ 'ವಿದುವಾ'. ಇಂಥ ಹೋಲಿಕೆಗಳು ಒಂದೆರಡಲ್ಲ. ಹಾಗಾದರೆ ಈ ಭಾಷೆಗಳಿಗೆ ಹಿಂದೆಂದೋ ಒಂದೇ ಮೂಲ ಇದ್ದಿರಬೇಕಲ್ಲವೇ? 1767ರಲ್ಲಿ ಕೆರ್ದೂ ಇದನ್ನು ಪ್ಯಾರಿಸಿನ ವಿದ್ವಾಂಸರಿಗೆ ಬರೆದರು. ಆದರೆ ಆ ಬರಹ ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ, 1786ರಲ್ಲಿ, ಕಲ್ಕತ್ತದಲ್ಲಿ ವಿಲಿಯಂ ಜೋನ್ಸ್ ಅದೇ ಮಾತನ್ನು ಹೇಳಿ ಲೋಕಪ್ರಸಿದ್ಧರಾಗಿದ್ದರು. ಮೊದಲು ಕಂಡವರ ಹೆಸರು ಕಾಗದದ ಕಟ್ಟಿನಲ್ಲಿ ಉಳಿಯಿತು.

ಅವರಿಗೆ ಆದ ಇನ್ನೊಂದು ಅನ್ಯಾಯವನ್ನೂ ಮುಚ್ಚಿಡಬಾರದು. ಮೈಸೂರು ಸೀಮೆಯ ಹಳೆಯ ಕಥೋಲಿಕ ಕುಟುಂಬಗಳಿಗೆ 'ದೊಡ್ಡಸ್ವಾಮಿಯವರು' ಗೊತ್ತು. ಅಬ್ಬೆ ದುಬ್ವಾ. ಟಿಪ್ಪುವಿನ ನಂತರದ ಆ ಕಷ್ಟದ ದಿನಗಳಲ್ಲಿ ಚದುರಿದ ಕ್ರೈಸ್ತರನ್ನು ಕೂಡಿಸಿದವರು, ಸಿಡುಬಿನ ವಿರುದ್ಧ ಹಳ್ಳಿಹಳ್ಳಿಯಲ್ಲಿ ಲಸಿಕೆ ಹಾಕಿಸಲು ಓಡಾಡಿದವರು. ಹಿಂದೂ ಸಮಾಜದ ನಡೆನುಡಿಗಳ ಬಗ್ಗೆ ಅವರ ಹೆಸರಿನಲ್ಲಿ ಬಂದ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಜಗತ್ತಿಗೆಲ್ಲ ಹಬ್ಬಿತು. ಅದರ ಬಹುಭಾಗದ ಮೂಲ ಕೆರ್ದೂ ಬರೆದಿಟ್ಟಿದ್ದ ಹಸ್ತಪ್ರತಿ ಎಂದು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ದುಬ್ವಾ ಅವರ ಸೇವೆ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇನ್ನೊಬ್ಬರ ಬೆವರಿಗೆ ಅವರ ಹೆಸರು ಹೇಳದಿದ್ದುದು ತಪ್ಪೇ. ನಮ್ಮವರೆಂದು ಸುಮ್ಮನಿರಬಾರದು.

ಇಷ್ಟಾದರೂ ವಿದ್ಯೆ ತನ್ನ ದಾರಿ ತಾನು ಹುಡುಕಿಕೊಳ್ಳುತ್ತದೆ. ದುಬ್ವಾ ಅವರ ಪುಸ್ತಕದಲ್ಲಿ ವೇಮನನ ಪ್ರಸ್ತಾಪ ಇತ್ತು. ಅದನ್ನು ಓದಿದ ಸಿ.ಪಿ. ಬ್ರೌನ್ ಎಂಬ ಇಂಗ್ಲಿಷ್ ಅಧಿಕಾರಿ ವೇಮನನ ಪದ್ಯಗಳ ಹಸ್ತಪ್ರತಿಗಳನ್ನು ಹುಡುಕಿಸಿ, 1829ರಲ್ಲಿ ಆಯ್ದ ಪದ್ಯಗಳನ್ನು ಅಚ್ಚು ಹಾಕಿಸಿದರು. ಸುಮಾರು ನೂರು ವರ್ಷಗಳ ಮೇಲೆ ರಾಳ್ಲಪಲ್ಲಿಯವರು ಅದೇ ವೇಮನನ ಮೇಲೆ ಉಪನ್ಯಾಸ ಕೊಟ್ಟರು. ನೋಡಿ, ಫ್ರೆಂಚ್ ಪಾದ್ರಿ, ಇಂಗ್ಲಿಷ್ ಅಧಿಕಾರಿ, ವೈಷ್ಣವ ಪಂಡಿತರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡರು.

ಹಾಗೆಂದು ಎಲ್ಲವನ್ನೂ ಮುಟ್ಟುವವರೆಲ್ಲ ರಾಳ್ಲಪಲ್ಲಿಯವರಾಗುತ್ತಾರೆಯೇ? ಇಲ್ಲ. ಇದನ್ನೂ ಹೇಳಬೇಕು. ಇವತ್ತು ಗಿಟಾರ್, ನಾಳೆ ಕರಾಟೆ, ಆಚೆ ನಾಳೆ ಚಿತ್ರಕಲೆ, ಮೂರು ತಿಂಗಳಿಗೆ ಎಲ್ಲ ಮೂಲೆಗೆ. ಇಂಥ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ, ದೊಡ್ಡವರೂ ಇದ್ದಾರೆ! ಅದು ಅಲೆದಾಟ. ಅಲೆಯುವವರನ್ನೂ ಅರಸುವವರನ್ನೂ ಬೇರೆ ಮಾಡಿ ನೋಡುವುದು ಹೇಗೆ? ನನಗೆ ತೋಚಿದ್ದು ಇಷ್ಟು. ಕಷ್ಟ ಬಂದ ಕೂಡಲೇ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುತ್ತಾರೋ, ಅಥವಾ ಒಂದರಲ್ಲಿ ಎದ್ದ ಪ್ರಶ್ನೆಗೆ ಉತ್ತರ ಹುಡುಕುತ್ತಾ ಇನ್ನೊಂದಕ್ಕೆ ಹೋಗುತ್ತಾರೋ ನೋಡಿ. ರಾಳ್ಲಪಲ್ಲಿಯವರು ಸಂಗೀತಕ್ಕಾಗಿ ಸಾಹಿತ್ಯವನ್ನು ಬಿಡಲಿಲ್ಲ. ಕಾವ್ಯದ ಮಾತು ಕಿವಿಗೆ ಹೇಗೆ ಕೇಳಬೇಕು ಎಂಬ ಪ್ರಶ್ನೆಯೇ ಅವರನ್ನು ಪದ್ಯದಿಂದ ರಾಗಕ್ಕೆ, ರಾಗದಿಂದ ನೃತ್ಯಕ್ಕೆ ಕರೆದುಕೊಂಡು ಹೋಯಿತು ಎಂದು ನನಗನಿಸುತ್ತದೆ.

ತಂದೆ ತಾಯಂದಿರ ಆತಂಕವೂ ಸುಳ್ಳಲ್ಲ. ರಾಳ್ಲಪಲ್ಲಿಯವರಿಗೆ ತಿಂಗಳ ಸಂಬಳ ಕೊಡುವ ಕೆಲಸವಿತ್ತು. ಆ ಆಸರೆಯ ಮೇಲೆ ನಿಂತು ಉಳಿದುದನ್ನು ಮಾಡಿದರು. ನಮ್ಮ ಮಕ್ಕಳಿಗೂ ಅನ್ನ ಕೊಡುವ ವಿದ್ಯೆ ಒಂದು ಇರಲೇಬೇಕು. ಅದನ್ನು ಬೇಡ ಎನ್ನುವವನು ನಾನಲ್ಲ. ಆದರೆ ಅನ್ನದ ವಿದ್ಯೆಯ ಹೆಸರಿನಲ್ಲಿ ಉಳಿದ ನೋಟ್‌ಬುಕ್ಕುಗಳನ್ನೆಲ್ಲ ರದ್ದಿಗೆ ಹಾಕಬೇಕೇ?

ಮಳೆಗಾಲ ಕಳೆದ ಮೇಲೆ ಮತ್ತೆ ಕೊಡಿಕೊಂಡದ ಮನೆಗೆ ಹೋದೆ. ಅಜ್ಜಿಗೆ ಸ್ವಲ್ಪ ಹುಷಾರಿರಲಿಲ್ಲ. ಮಾತು ನಿಧಾನವಾಗಿತ್ತು. ಯಜಮಾನರು ಹಜಾರದಲ್ಲಿ ಕುಳಿತಿದ್ದರು. ನಾನು ರಾಳ್ಲಪಲ್ಲಿಯವರ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. "ಕಂಬದೂರಿನವರಾ?" ಎಂದು ನಡುವೆ ಒಮ್ಮೆ ಕೇಳಿದರು. ತಾಮ್ರದ ತಗಡಿನ ವಿಷಯ ಬಂದಾಗ ಮುಂದಕ್ಕೆ ಬಾಗಿ ಕೂತರು. ಎಲ್ಲ ಕೇಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳಿದರು.

"ನಮ್ಮ ತಾತನ ಕಾಲದಲ್ಲಿ ಕಪಿಲೆ ಬಾವಿ ಇತ್ತು ಫಾದರ್. ಒಂದೇ ಬಾವಿ. ಆದ್ರೆ ಅದಕ್ಕೆ ನಾಲ್ಕು ಕಡೆಯಿಂದ ಊಟೆ. ಒಂದು ಕಡೆ ನಿಂತ್ರೂ ಇನ್ನೊಂದು ಕಡೆಯಿಂದ ನೀರು ಒಸರ್ತಾ ಇತ್ತು. ಬೋರ್ ಹಂಗಲ್ಲ, ಒಂದೇ ಪೈಪು. ಅದು ಬತ್ತಿದ್ರೆ ಬತ್ತಿದಂಗೆ."

ನಾನು ತಿಂಗಳುಗಟ್ಟಲೆ ಹುಡುಕಿದ ಉತ್ತರ ಅವರ ಹೊಲದಲ್ಲೇ ಇತ್ತು!

"ಹಾಗಾದರೆ ಮಗಳ ವಿಷಯ?" ಎಂದೆ.

"ಡಿಗ್ರಿಗೆ ಸೇರಿಸಿದೀನಿ, ಸಸ್ಯಶಾಸ್ತ್ರಕ್ಕೇ. ಹಿಂದೂಪುರಕ್ಕೆ ಬಸ್ಸಲ್ಲಿ ಹೋಗಿ ಬರ್ತಾಳೆ. ಒಂದು ವರ್ಷ ನೋಡೋಣ" ಎಂದರು. ಪೂರ್ತಿ ಒಪ್ಪಿಗೆಯಲ್ಲ, ನಿರಾಕರಣೆಯೂ ಅಲ್ಲ. ಸಾಲ ಹೊತ್ತ ತಂದೆಯೊಬ್ಬ ಅಷ್ಟು ಹೇಳಿದರೆ ಅದೇ ದೊಡ್ಡದು.

ಹುಡುಗಿ ಅಜ್ಜಿಯ ಮಂಚದ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದಳು. ಅಜ್ಜಿ ಒಂದು ಹುಲ್ಲಿನ ವಿಷಯ ಹೇಳುತ್ತಿದ್ದರು, ಹೆಸರು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ದನ ತಿಂದರೆ ಹಾಲು ಹೆಚ್ಚುವ ಹುಲ್ಲು, ಕೆರೆಯ ಅಂಚಿನಲ್ಲಿ ಬೆಳೆಯುತ್ತಿತ್ತು ಎಂದಷ್ಟೇ ಹೇಳಿ ನಿಲ್ಲಿಸಿದರು. ಹಜಾರದಿಂದ ಯಜಮಾನರು ಅಲ್ಲಿಂದಲೇ ಆ ಹುಲ್ಲಿನ ಹೆಸರನ್ನು ಕೂಗಿ ಹೇಳಿದರು. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ. ಹುಡುಗಿ ತಲೆಯೆತ್ತಿ ಅಪ್ಪನ ಕಡೆ ನೋಡಿದಳು. ಆಮೇಲೆ ಬರೆದುಕೊಂಡಳು.

ಓದುಗರೇ, ಎಂಬತ್ತು ವರ್ಷದ ಅಜ್ಜಿಯರು ನಿಮ್ಮ ಮನೆಯಲ್ಲೂ ಇರಬಹುದು. ಅವರ ಬಾಯಲ್ಲಿ ಇರುವುದನ್ನು ಕೇಳಿ ಬರೆದುಕೊಳ್ಳುವ ಮಗುವೂ ಇರಬಹುದು. ಆ ಮಗುವಿಗೆ "ಇದರಿಂದ ಏನು ಬರುತ್ತದೆ?" ಎಂದು ಕೇಳುವ ಮೊದಲು, ಆ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ. ಸಾಧ್ಯವಾದರೆ ನಿಮಗೆ ಗೊತ್ತಿರುವ ಒಂದು ಹೆಸರನ್ನು ಅದಕ್ಕೆ ಸೇರಿಸಿ.

ನಾನು ಒಂದು ಕೆಲಸ ಮಾಡುವುದಿದೆ. ಕೀಬೋರ್ಡ್ ಮಾರಿದ ಆ ಹುಡುಗನಿಗೆ ಈ ವಾರ ಫೋನ್ ಮಾಡುತ್ತೇನೆ. ನಾನು ಅಂದು ಹೇಳಿದ್ದು ತಪ್ಪು ಎಂದು ಹೇಳಬೇಕು. ಅವನಿಗೆ ಇನ್ನೂ ನಲವತ್ತು ದಾಟಿಲ್ಲ. ರಾಳ್ಲಪಲ್ಲಿಯವರು ತಗಡುಗಳ ಮುಂದೆ ಕೂತಾಗ ಐವತ್ತೇಳು.

ಮುಂದಿನ ತಿಂಗಳು ಮತ್ತೆ ಸಿಗೋಣ.